ವಿರೋಧಿ ಸಂವತ್ಸರ, ಸುಗ್ಗಿ ಇಪ್ಪತ್ತಾರು

೨೨ ಫೆಬ್ರವರಿ ೨೦೨೬, ಭಾನುವಾರ. ಮೂಡುಬಿದಿರೆ

ಬಂದು ಆಯಿತು. ಬೆಳಿಗ್ಗೆ ಹತ್ತೂವರೆಗೆ ಸಮ್ಮೇದ್‌ನ ಕಾರು ಗೇಟಿನ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕಮಲಾವತಿ ಚಿಕ್ಕಮ್ಮ, ಹಿಂದಿನ ಸೀಟಿನಲ್ಲಿ ಅವರ ಎರಡು ಬ್ಯಾಗು, ಒಂದು ಚಾಪೆ, ಅವರದೇ ಕುಚ್ಚಲಕ್ಕಿಯ ಚೀಲ. ನನ್ನ ಮನೆಯ ಅಕ್ಕಿಯ ಮೇಲೆ ಅವರಿಗೆ ನಂಬಿಕೆ ಇಲ್ಲ.

ಅಮ್ಮನ ಒಬ್ಬಳೇ ತಂಗಿ. ಮೊನ್ನೆ ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದ್ದಾರೆ. ವಾರವಾರ ತಪಾಸಣೆಗೆ ಚಾರ್ಮಾಡಿಯಿಂದ ಬರುವುದು ಕಷ್ಟ, ಮಗ ಆದೀಶ್‌ಗೆ ರಬ್ಬರಿನ ಕೆಲಸ ಬಿಟ್ಟು ಬರಲಾಗುವುದಿಲ್ಲ, ಹಾಗಾಗಿ ಇಪ್ಪತ್ತೊಂದು ದಿನ ನನ್ನಲ್ಲಿ. ಸಾಧನಾ ಮದುವೆಯಾದವಳಲ್ಲ, ರಿಟೈರ್ ಬೇರೆ ಆಗಿದ್ದಾಳೆ, ಅವಳಿಗೇನು ಕೆಲಸ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿ ಕೊನೆಗೆ ನನಗೆ ತಿಳಿಸಿದರು. ಅಮ್ಮ ಇದ್ದಿದ್ದರೆ ಅವಳೇ ನೋಡಿಕೊಳ್ಳುತ್ತಿದ್ದಳು. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ನಾನಾದರೋ ಚಿಕ್ಕಮ್ಮನ ಜೊತೆ ಎರಡು ದಿನಕ್ಕಿಂತ ಹೆಚ್ಚು ಇದ್ದವಳಲ್ಲ.

ಸಮ್ಮೇದ್ ಇನ್ನೊಂದು ಹೊರೆಯನ್ನೂ ಇಳಿಸಿ ಹೋದ. ಅವನು ಸಂಬಂಧದಲ್ಲಿ ತಮ್ಮ, ಬಂಟ್ವಾಳದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಏಪ್ರಿಲ್‌ನಲ್ಲಿ ಕುಟುಂಬದವರೆಲ್ಲ ಸೇರುವಾಗ ಹಂಚಲು ಒಂದು ಪುಸ್ತಕ ಮಾಡುತ್ತಿದ್ದಾನೆ. ಆರು ತಲೆಮಾರಿನವರ ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ. "ಸಾಧನಕ್ಕ, ಒಂದು ಸಲ ನೋಡಿ ಕೊಡಿ. ನಿಮ್ಮ ಕಣ್ಣಿಗೆ ಬಿದ್ರೆ ತಪ್ಪು ಉಳಿಯುದಿಲ್ಲ" ಎಂದ. ಮೂವತ್ತನಾಲ್ಕು ವರ್ಷ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವಳಿಗೆ ಇಂಥ ಮಾತು ಹೇಳಿದರೆ ಕೆಲಸ ಆಗುತ್ತದೆಂದು ಅವನಿಗೆ ಗೊತ್ತು. ಮಾರ್ಚ್ ಹದಿನಾರಕ್ಕೆ ಪ್ರೆಸ್ಸಿಗೆ ಹೋಗಬೇಕಂತೆ.

ಇನ್ನು ಇಪ್ಪತ್ತು ದಿನ.

೨೪ ಫೆಬ್ರವರಿ, ಮಂಗಳವಾರ

ಸೂರ್ಯ ಮುಳುಗುವ ಮೊದಲು ಊಟ. ನಾವು ಜೈನರು, ನಿಯಮ ನನಗೂ ಗೊತ್ತು. ಆದರೆ ಒಂಟಿ ಮನೆಯಲ್ಲಿ ಒಂಬತ್ತು ಗಂಟೆಗೆ ಟಿ.ವಿ. ಮುಂದೆ ತಟ್ಟೆ ಹಿಡಿದು ಕೂರುವುದು ನನಗೆ ರೂಢಿಯಾಗಿ ಹೋಗಿದೆ. ನಿನ್ನೆ ಸಂಜೆ ಐದೂವರೆಗೆ ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಾಧನಾ, ಬಡಿಸುವ ಅಲ್ವಾ?" ಎಂದರು. ಬುಟ್ಟಿಯ ತಳದಲ್ಲಿದ್ದ, ನಮಗೆ ವರ್ಜ್ಯವಾದ ಬಟಾಟೆಯನ್ನು ಆ ಮಸುಕು ಕಣ್ಣಲ್ಲಿ ಹೇಗೆ ಕಂಡರೋ, ಬೆಳಿಗ್ಗೆ ಅದು ಹಿತ್ತಿಲ ಕಟ್ಟೆಯ ಮೇಲಿತ್ತು. ದಿನಕ್ಕೆ ಆರು ಸಲ ಕಣ್ಣಿಗೆ ಔಷಧಿಯ ಹನಿ ಹಾಕಬೇಕು. ಪ್ರತಿ ಸಲವೂ ನನ್ನ ಕೈ ನಡುಗುತ್ತದೆಂದು ದೂರು.

ಸಮ್ಮೇದ್‌ನ ಹಾಳೆಗಳನ್ನು ಹಿಡಿದು ಕುಳಿತೆ. ಚಿಕ್ಕಮ್ಮನ ಹೆಸರಿನ ಮುಂದೆ ಹುಟ್ಟಿದ ದಿನ ಖಾಲಿ. ಖಾಲಿ ಬಿಟ್ಟ ಕಾಲಂ ಕಂಡರೆ ನನಗೆ ಮೈ ಉರಿಯುತ್ತದೆ.

"ನಿಮ್ಮ ಜಾತಕ ಉಂಟಲ್ಲ ಚಿಕ್ಕಮ್ಮ? ಆದೀಶ್ ಫೋಟೋ ಕಳಿಸಿದ್ದಾನೆ. ತಾರೀಕು ತೆಗೆಯುವುದು ಎರಡು ನಿಮಿಷದ ಕೆಲಸ."

"ಜಾತಕ ಉಂಟು. ಹಾಕುದು ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ ಮಾರಾಯ್ತಿ. ಬೇಕಾದ್ರೆ ನನ್ನ ಹೆಸರನ್ನೇ ತೆಗಿ, ನಂಗೆ ಬೇಜಾರಿಲ್ಲ."

ಹಠಕ್ಕೂ ಒಂದು ಮಿತಿ ಬೇಡವೇ. ಇನ್ನು ಹದಿನೆಂಟು ದಿನ.

೨೬ ಫೆಬ್ರವರಿ, ಗುರುವಾರ

ಇವತ್ತು ಬರೆಯಲು ಮನಸ್ಸು ಬರುತ್ತಿಲ್ಲ. ಆದರೂ ಬರೆದಿಡುತ್ತೇನೆ.

ಮಧ್ಯಾಹ್ನ ಹನಿ ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಮಲಗಬೇಕು. ಆ ಐದು ನಿಮಿಷದಲ್ಲಿ, ನಾನು ಕೇಳದೆಯೇ ಹೇಳಿದರು.

ನಮ್ಮ ಅಜ್ಜಿ ಲಕ್ಷ್ಮೀಮತಿ ಬಾಣಂತಿಯಾಗಿದ್ದಾಗ ತೀರಿಕೊಂಡಳೆಂಬುದು ಕುಟುಂಬದಲ್ಲಿ ಎಲ್ಲರಿಗೂ ಗೊತ್ತು. ಆಗ ಅಮ್ಮನಿಗೆ ಮೂರು ವರ್ಷ, ಚಿಕ್ಕಮ್ಮ ಐದು ದಿನದ ಕೂಸು. ಮಕ್ಕಳಿಬ್ಬರನ್ನೂ ಅಜ್ಜಿಯ ಅಣ್ಣ ನೇಮಿರಾಜಜ್ಜ ಸಾಕಿದರು. ಅವರೂ ಕೆಲವು ವರ್ಷದಲ್ಲಿ ಹೋಗಿಬಿಟ್ಟರು. ಅಮ್ಮ ಮೂಡುಬಿದಿರೆಯ ನೆಂಟರ ಮನೆಗೆ ಬಂದಳು, ಏಳು ವರ್ಷದ ಚಿಕ್ಕಮ್ಮನನ್ನು ಕೊಕ್ಕಡಕ್ಕೆ ಅವರ ಅಪ್ಪನ ತಂಗಿ ಕರೆದುಕೊಂಡು ಹೋದರು. ಇಷ್ಟು ನನಗೂ ಗೊತ್ತಿತ್ತು.

"ಐದು ದಿನ ಅಂತ ನಂಗೆ ಹದಿನೈದು ವರ್ಷದವರೆಗೆ ಗೊತ್ತೇ ಇರ್ಲಿಲ್ಲ" ಎಂದರು. "ಗಂಡಿನ ಕಡೆಯವರು ಬಂದಿದ್ರು. ಅವರ ಜೊತೆ ಬಂದ ಒಬ್ರು ನನ್ನ ಜಾತಕ ನೋಡಿದ್ರು, ನೇಮಿರಾಜ ಮಾವ ದಿನಾ ಬರೆದಿಡ್ತಿದ್ದ ಪುಸ್ತಕದಲ್ಲಿ ಅಮ್ಮ ಹೋದ ದಿನ ನೋಡಿದ್ರು. ವಿರೋಧಿ ಸಂವತ್ಸರ ಸುಗ್ಗಿ ತಿಂಗಳ ಇಪ್ಪತ್ತೊಂದಕ್ಕೆ ಹುಡುಗಿ ಹುಟ್ಟಿದ್ದು, ವಿರೋಧಿ ಸಂವತ್ಸರ ಸುಗ್ಗಿ ಇಪ್ಪತ್ತಾರಕ್ಕೆ ತಾಯಿ ಹೋದದ್ದು ಅಂತ ಎಲ್ಲರ ಎದುರು ಓದಿದ್ರು. ಆಮೇಲೆ ಕಾಫಿ ಕುಡಿಯದೆ ಎದ್ದು ಹೋದ್ರು. ನಾನು ಬಾಗಿಲ ಹಿಂದೆ ಇದ್ದೆ."

ಅಲ್ಲಿಂದ ಮುಂದೆ ಅವರು ಯಾವ ಬಾಣಂತಿಯನ್ನೂ ನೋಡಲು ಹೋಗಿಲ್ಲ. ನನ್ನ ಅಮ್ಮ ನನ್ನನ್ನು ಹೆತ್ತಾಗಲೂ ಬರಲಿಲ್ಲ. ಅಕ್ಕನ ಮೇಲೆ ಹೊಟ್ಟೆಕಿಚ್ಚು ಎಂದು ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡಿಕೊಂಡರು. ನಾನೂ ಹಾಗೆಯೇ ತಿಳಿದುಕೊಂಡಿದ್ದೆ. ಆದೀಶ್ ಹುಟ್ಟಿದಾಗ ಐದು ದಿನ ನಿದ್ದೆ ಮಾಡಲಿಲ್ಲವಂತೆ. "ಈಗ ನನ್ನ ಸರದಿ ಅಂತ ಕಾಯ್ತಿದ್ದೆ. ಆರನೇ ದಿನ ಬೆಳಿಗ್ಗೆ ಎದ್ದು ಕೂತ್ಕೊಂಡಾಗ ನಂಗೇ ಆಶ್ಚರ್ಯ ಆಯ್ತು. ನನ್ನ ಮಗ ಒಳ್ಳೆಯವ, ನಾನೇ ಆಗದವಳು ಅಂತ ಆಯ್ತು" ಎಂದರು.

ಹೇಳಿ ಮುಗಿಸಿ, "ಆ ಎರಡು ತಾರೀಕು ಸಮ್ಮೇದ್‌ನ ಪುಸ್ತಕದಲ್ಲಿ ಅಕ್ಕಪಕ್ಕ ಬಂದ್ರೆ ಮಕ್ಕಳು ಮೊಮ್ಮಕ್ಕಳು ಎಲ್ಲ ಓದ್ತಾರೆ. ಅದಕ್ಕೆ ಬೇಡ ಅಂದದ್ದು. ಐದು ನಿಮಿಷ ಆಯ್ತಾ?" ಎಂದು ಕೇಳಿದರು.

ಹನ್ನೊಂದು ನಿಮಿಷ ಆಗಿತ್ತು.

೨೭ ಫೆಬ್ರವರಿ, ಶುಕ್ರವಾರ

ಕಾಲಂ ಖಾಲಿ ಬಿಡಲು ಸಮ್ಮೇದ್‌ಗೆ ಹೇಳಿದೆ. ಬೆಳಿಗ್ಗೆ ನೀರುದೋಸೆ. ದೋಸೆ ದಪ್ಪವಾಯಿತಂತೆ.

೨ ಮಾರ್ಚ್, ಸೋಮವಾರ

ಖಾಲಿ ಬಿಡಲು ಹೇಳಿದ್ದು ನಾನೇ. ಆದರೂ ಕೈ ಸುಮ್ಮನಿರುವುದಿಲ್ಲ. ಇವತ್ತು ಜಾತಕದ ಫೋಟೋ, ಸಮ್ಮೇದ್ ಕಳಿಸಿದ್ದ ನೇಮಿರಾಜಜ್ಜನ ಪುಸ್ತಕದ ಪುಟದ ಫೋಟೋ, ಎರಡನ್ನೂ ಫೋನಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ.

ಜಾತಕದಲ್ಲಿ ಹೀಗಿದೆ: ವಿರೋಧಿ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸುಗ್ಗಿ ತಿಂಗಳು ೨೧, ಭಾನುವಾರ. ನೇಮಿರಾಜಜ್ಜನ ಪುಸ್ತಕದ ಪುಟದಲ್ಲಿ: ವಿರೋಧಿ ಸಂವತ್ಸರ, ಸುಗ್ಗಿ ೨೬, ಶನಿವಾರ. ತಂಗಿ ಲಕ್ಷ್ಮೀಮತಿ ಬೆಳಗಿನ ಜಾವ ತೀರಿಕೊಂಡಳು.

ಇಪ್ಪತ್ತೊಂದು ಭಾನುವಾರವಾದರೆ ಇಪ್ಪತ್ತಾರು ಶುಕ್ರವಾರ. ಶನಿವಾರ ಎಲ್ಲಿಂದ ಬಂತು?

ಮೂರು ಸಲ ಬೆರಳು ಮಡಚಿ ಎಣಿಸಿದೆ. ಇಷ್ಟು ವರ್ಷ ಯಾರೂ ಇದನ್ನು ಎಣಿಸಿಯೇ ಇಲ್ಲ. ಸಮ್ಮೇದ್‌ಗೆ ಫೋನ್ ಮಾಡಿದರೆ, "ಅಜ್ಜ ದುಃಖದಲ್ಲಿ ವಾರ ತಪ್ಪಿ ಬರೆದಿರಬಹುದು ಸಾಧನಕ್ಕ, ಒಂದು ದಿನ ಆಚೆ ಈಚೆ ಆದ್ರೆ ಎಂತ ಆಗ್ತದೆ?" ಎನ್ನುತ್ತಾನೆ. ಒಂದು ದಿನ ಆಚೆ ಈಚೆ ಆಗಿದ್ದಕ್ಕೆ ಕೋರ್ಟು ಹತ್ತಿದವರನ್ನು ನಾನು ನೋಡಿದ್ದೇನೆ. ಪುಸ್ತಕವನ್ನೇ ತಂದುಕೊಡು ಎಂದೆ.

ಚಿಕ್ಕಮ್ಮನಿಗೆ ಏನೂ ಹೇಳಿಲ್ಲ. ಹೇಳಲು ಇರುವುದು ಒಂದು ಶನಿವಾರ ಮಾತ್ರ.

೫ ಮಾರ್ಚ್, ಗುರುವಾರ

ಸಮ್ಮೇದ್ ಬಂದಿದ್ದ. ನೇಮಿರಾಜಜ್ಜನ ಪುಸ್ತಕ ಕೆಂಪು ಬಟ್ಟೆಯ ರಟ್ಟಿನದು. ಅಂಚು ಗೆದ್ದಲು ತಿಂದಿದೆ, ಅಕ್ಷರ ಮಾತ್ರ ಮುತ್ತಿನ ಹಾಗಿದೆ. ಇಂಥ ಪುಸ್ತಕ ವರ್ಷಕ್ಕೊಂದು ಇತ್ತಂತೆ. ಬೆಳ್ತಂಗಡಿ ಬಳಿಯ ಹಳೆಯ ಮನೆ ಕೆಡವಿದಾಗ ಸಿಕ್ಕಿದ್ದು ಇದೊಂದೇ. ಆ ಜಾಗದಲ್ಲಿ ಈಗ ಪೆಟ್ರೋಲ್ ಬಂಕ್ ಇದೆ.

ಅಜ್ಜ ತುಳು ತಿಂಗಳು, ತಾರೀಕು ಹಾಕಿ ದಿನಕ್ಕೆ ಒಂದೆರಡು ಸಾಲು ಬರೆದಿದ್ದಾರೆ. ಯಾರು ಬಂದರು, ಯಾರು ಹೋದರು, ಯಾವ ದನ ಕರು ಹಾಕಿತು, ಯಾರ ಮೇಲೆ ಸಿಟ್ಟು ಬಂತು. ಚಿಕ್ಕಮ್ಮನಿಗೆ ಓದುವುದು ನಿಷೇಧ, ನನಗೆ ಓದಿ ಹೇಳುವುದು ಕಡ್ಡಾಯ. "ಆಟಿ ೪. ಭಾವ ಬಂದರು. ಊಟ ಮಾಡಿದರು. ಹೋಗಲಿಲ್ಲ. ಆಟಿ ೫. ಭಾವ ಹೋಗಲಿಲ್ಲ. ಆಟಿ ೬. ಭಾವ ಇದ್ದಾರೆ" ಎಂದು ಓದಿದಾಗ ಚಿಕ್ಕಮ್ಮ ನಕ್ಕ ರಭಸಕ್ಕೆ ಕಪ್ಪು ಕನ್ನಡಕ ಜಾರಿತು. ಕಣ್ಣಿಗೆ ಆಯಾಸ ಮಾಡಬಾರದು ಎಂದು ಗದರಿದೆ. ನಾನೂ ನಗುತ್ತಿದ್ದೆನಾದ್ದರಿಂದ ಗದರಿಕೆ ನಾಟಲಿಲ್ಲ.

೭ ಮಾರ್ಚ್, ಶನಿವಾರ

ಚಿಕ್ಕಮ್ಮ ಮಲಗಿದ್ದಾಗ ಸುಗ್ಗಿ ತಿಂಗಳಿಗೆ ಹಾರಿದೆ. ಸುಗ್ಗಿ ತುಳುವರ ವರ್ಷದ ಕೊನೆಯ ತಿಂಗಳು, ಮಾರ್ಚ್ ಅರ್ಧದಿಂದ ಏಪ್ರಿಲ್ ಅರ್ಧದವರೆಗೆ. ಪುಸ್ತಕದಲ್ಲೂ ಅದು ಕೊನೆಯಲ್ಲೇ ಇದೆ.

ಸುಗ್ಗಿ ೨೧: ಕಪ್ಪು ದನ ಹೆಣ್ಣು ಕರು ಹಾಕಿತು. ಲಕ್ಷ್ಮೀಮತಿಗೆ ಜ್ವರ ಬಿಟ್ಟಿಲ್ಲ.

ಅಷ್ಟೇ. ಹಿಂದಿನ ದಿನ, ಮರುದಿನ, ಎಲ್ಲವನ್ನೂ ನೋಡಿದೆ. ಜ್ವರದ ಮಾತು ಸುಗ್ಗಿ ಆರರಿಂದಲೂ ಇದೆ, ಹೆರಿಗೆಯ ಮಾತು ಎಲ್ಲೂ ಇಲ್ಲ. ಕರು ಹುಟ್ಟಿದ್ದನ್ನು, ಅದೂ ಹೆಣ್ಣೆಂದು ಬರೆದಿಟ್ಟ ಮನುಷ್ಯ ಅದೇ ದಿನ ಸ್ವಂತ ತಂಗಿ ಹೆಣ್ಣು ಹೆತ್ತದ್ದನ್ನು ಬರೆಯಲಿಲ್ಲವೇ? ನಮ್ಮದು ಅಳಿಯಸಂತಾನ. ತಂಗಿಯ ಹೆಣ್ಣುಮಗು ಎಂದರೆ ಮನೆ ಮುಂದುವರಿಯುವುದೇ ಅವಳಿಂದ. ಅದನ್ನು ಮರೆಯುವ ಯಜಮಾನ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ.

ಸಂಜೆ ಓದಿ ಹೇಳುವಾಗ ಬೇರೆ ಏನೋ ಯೋಚಿಸುತ್ತ ಒಂದು ಹಾಳೆ ಬಿಟ್ಟುಬಿಟ್ಟೆ. "ಸೋಣ ಹನ್ನೆರಡು ಆದ ಮೇಲೆ ಹದಿನೇಳು ಹೇಗೆ ಬಂತು? ಪುಟ ಹಾರಿಸ್ತಿ ನೀನು" ಎಂದರು. ಇವರನ್ನು ರೆಕಾರ್ಡ್ ರೂಮಿನಲ್ಲಿ ನನ್ನ ಜೊತೆ ಇಟ್ಟುಕೊಂಡಿದ್ದರೆ ಒಳ್ಳೆಯದಿತ್ತು.

೯ ಮಾರ್ಚ್, ಸೋಮವಾರ

ಇವತ್ತು ಬೆಳಿಗ್ಗೆ ಬೇಗ ಎದ್ದು ಪುಸ್ತಕ ಹಿಡಿದೆ.

ಜಾರ್ದೆ ತಿಂಗಳಲ್ಲಿ, ಅಂದರೆ ಸುಗ್ಗಿಗಿಂತ ನಾಲ್ಕು ತಿಂಗಳು ಮೊದಲು, ಅಜ್ಜ ಬರೆದಿದ್ದಾರೆ: ಲಕ್ಷ್ಮೀಮತಿ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಗಾಡಿಯಲ್ಲಿ ಬಿದಿರೆ ಬಸದಿಗೆ. ದೊಡ್ಡದು ದಾರಿಯುದ್ದಕ್ಕೂ ವಾಂತಿ.

ದೊಡ್ಡದು ನನ್ನ ಅಮ್ಮ. ಸಂಶಯವೇ ಇಲ್ಲ. ಸಾಯುವವರೆಗೂ ವಾಂತಿಗೆ ಹೆದರಿ ಬಂಟ್ವಾಳ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳ ಮಾಡಿದವಳು. ಆ ಸಾಲು ಓದಿ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಮೂರು ವರ್ಷದ ಅಮ್ಮ ನನಗೆ ಹೀಗೆ ಸಿಕ್ಕಬಹುದೆಂದು ಎಣಿಸಿರಲಿಲ್ಲ.

ಆದರೆ ಮಕ್ಕಳಿಬ್ಬರು ಎಂದರೆ? ಇನ್ನೊಂದು ಯಾವುದು? ನಡುವೆ ಬೇರೊಂದು ಮಗು ಹುಟ್ಟಿ ಹೋಗಿರಲೂಬಹುದು. ಅವಸರ ಮಾಡಬಾರದು ಎಂದು ಪುಸ್ತಕ ಮುಚ್ಚಿಟ್ಟೆ.

ಹನ್ನೊಂದು ಗಂಟೆಗೆ ಡಾಕ್ಟರ ಕಡೆಯಿಂದ ಫೋನ್ ಬಂತು, ಮುಂದಿನ ತಪಾಸಣೆಯ ದಿನ ಗುರುತು ಮಾಡಲು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತೆ. ಮಾರ್ಚ್ ಹತ್ತೊಂಬತ್ತರ ಮನೆಯಲ್ಲಿ ಚಾಂದ್ರಮಾನ ಯುಗಾದಿ ಎಂದಿದೆ. ಹಾಳೆ ಎತ್ತಿ ನೋಡಿದರೆ ಏಪ್ರಿಲ್ ಮಧ್ಯದಲ್ಲಿ ಸೌರಮಾನ ಯುಗಾದಿ, ನಮ್ಮ ಬಿಸು. ಅರವತ್ತೊಂದು ವರ್ಷದಿಂದ ಇವೆರಡನ್ನೂ ನೋಡುತ್ತಿದ್ದೇನೆ. ಎರಡಕ್ಕೂ ಪಾಯಸ ಉಂಡಿದ್ದೇನೆ. ಇವತ್ತು ಕ್ಯಾಲೆಂಡರಿನ ಹಾಳೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ನೇಮಿರಾಜಜ್ಜನ ಪುಸ್ತಕ ಶುರುವಾಗುವುದು "ವಿರೋಧಿ ಸಂವತ್ಸರ, ಪಗ್ಗು ೧, ಬಿಸು" ಎಂದು. ಸುಗ್ಗಿ ಮುಗಿದು ಮುಂದಿನ ಬಿಸುವಿಗೆ ಅವರ ವಿರೋಧಿ ಮುಗಿಯುತ್ತದೆ. ಜಾತಕ ಬರೆದವರು ಬಸದಿಯ ಇಂದ್ರರು, ನಮ್ಮ ಪುರೋಹಿತರು. ಅವರಿಗೆ ಹೊಸ ಸಂವತ್ಸರ ಚಾಂದ್ರಮಾನ ಯುಗಾದಿಗೇ ಬಂತು. ಆ ವರ್ಷ ಯುಗಾದಿಗೂ ಬಿಸುವಿಗೂ ನಡುವೆ ಎರಡು ವಾರ. ಆ ಎರಡು ವಾರ ಇಂದ್ರರಿಗೆ ವಿರೋಧಿ ಹುಟ್ಟಿಯಾಗಿದೆ, ಅಜ್ಜನಿಗೆ ಇನ್ನೂ ಹಳೆಯ ಸರ್ವಧಾರಿಯೇ ನಡೆಯುತ್ತಿದೆ.

ಚಿಕ್ಕಮ್ಮ ಹುಟ್ಟಿದ್ದು ಆ ಎರಡು ವಾರದಲ್ಲಿ. ಯುಗಾದಿಯ ಐದನೇ ದಿನ, ಇಂದ್ರರ ವಿರೋಧಿ ಈಗಷ್ಟೇ ಶುರುವಾದಾಗ. ಅಜ್ಜಿ ಹೋದದ್ದು ಅಜ್ಜನ ವಿರೋಧಿ ಮುಗಿಯುವಾಗ. ಹೆಸರು ಒಂದೇ, ತಿಂಗಳು ಒಂದೇ. ನಡುವೆ ಇಡೀ ಒಂದು ವರ್ಷ.

ಜಾತಕದ ಭಾನುವಾರ ೧೯೪೯ರ ಏಪ್ರಿಲ್ ೩. ಪುಸ್ತಕದ ಶನಿವಾರ ೧೯೫೦ರ ಏಪ್ರಿಲ್ ೮. ಕಂಪ್ಯೂಟರಿನಲ್ಲಿ ನೋಡಿದೆ, ವಾರಗಳು ಸರಿಯಾಗಿ ಕೂರುತ್ತವೆ.

ಹನಿ ಹಾಕುವ ಹೊತ್ತು ಮೀರಿ ಹೋಗಿತ್ತು. "ಎಂತ ಸಾಧನಾ, ಗೋಡೆ ಹತ್ರ ಅಷ್ಟು ಹೊತ್ತು ಎಂತ ಮಾಡ್ತಿದ್ದಿ?" ಎಂದು ಕೇಳಿದರು. ಕ್ಯಾಲೆಂಡರ್ ಎಂದೆ.

೧೦ ಮಾರ್ಚ್, ಮಂಗಳವಾರ

ಬಸದಿಗೆ ಹೋಗಿ ಇಂದ್ರರನ್ನು ಕೇಳಿದೆ. "ನಮಗೆ ಯುಗಾದಿಗೇ ಸಂವತ್ಸರ ಬದಲಾಗ್ತದೆ. ತಿಂಗಳು ತಾರೀಕು ಮಾತ್ರ ಊರಿನವರಿಗೆ ಗೊತ್ತಾಗ್ಲಿ ಅಂತ ತುಳುವಿನಲ್ಲಿ ಹಾಕ್ತೇವೆ. ನಮ್ಮ ಅಜ್ಜನೂ ಹಾಗೇ ಮಾಡ್ತಿದ್ರು" ಎಂದರು.

ಆದರೂ ಹೇಳುವುದಿಲ್ಲ. ಅರವತ್ತೆರಡು ವರ್ಷ ಒಬ್ಬರು ಹೊತ್ತುಕೊಂಡು ತಿರುಗಿದ್ದನ್ನು ಇಳಿಸುವಾಗ ನನ್ನ ಎಣಿಕೆಯೊಂದೇ ಸಾಲದು. ನಾಳೆ ನನ್ನದೇ ತಪ್ಪೆಂದಾದರೆ ಮತ್ತೆ ಹೊರಿಸಬೇಕಾಗುತ್ತದೆ. ಪಟೇಲರು ಬರೆದ ಜನನ ಮರಣದ ರಿಜಿಸ್ಟರ್ ಬೆಳ್ತಂಗಡಿಯಲ್ಲಿ ಇರಬೇಕು. ನನ್ನ ಕೈಕೆಳಗೆ ಬಂಟ್ವಾಳದಲ್ಲಿ ಕೆಲಸ ಕಲಿತ ಶಹನಾಝ್ ಈಗ ಅಲ್ಲೇ ಇದ್ದಾಳೆ.

ಸಂಜೆ ಆರಕ್ಕೆ ಊಟ ಮುಗಿಸಿ ಇಬ್ಬರೂ ಜಗಲಿಯಲ್ಲಿ ಕುಳಿತೆವು. ಹೊಟ್ಟೆ ಹಗುರ ಇರುತ್ತದೆ, ಬರೆಯಲೂ ಚೆನ್ನ.

೧೨ ಮಾರ್ಚ್, ಗುರುವಾರ

ಬೆಳ್ತಂಗಡಿಗೆ ಹೋಗಿ ಬಂದೆ. ಚಿಕ್ಕಮ್ಮನ ಬಳಿ ಪಕ್ಕದ ಮನೆಯ ಬೀಫಾತಿಮಾರನ್ನು ಕೂರಿಸಿ, ಹನಿಯ ಸಮಯ ಬರೆದಿಟ್ಟು, ಪೆನ್ಶನ್ ಕೆಲಸ ಎಂದು ಸುಳ್ಳು ಹೇಳಿ ಹೊರಟೆ.

"ಮೇಡಂ, ನೀವು ಅರ್ಜಿ ಎಲ್ಲ ಯಾಕೆ ಬರೆಯುದು? ನಾನು ಹುಡುಕಿ ಕೊಡ್ತೇನೆ" ಎಂದಳು ಶಹನಾಝ್. ನಾನು ಅರ್ಜಿ ಬರೆದೇ ಕೊಟ್ಟೆ. ಅರ್ಜಿಯಿಲ್ಲದೆ ಕಾಗದ ಕೊಡಬಾರದೆಂದು ಅವಳಿಗೆ ಕಲಿಸಿದವಳೇ ನಾನು.

ಎರಡು ಗಂಟೆ ಬೇಕಾಯಿತು. ಜನನದ ರಿಜಿಸ್ಟರ್ ಸಿಕ್ಕಲಿಲ್ಲ. ಮರಣದ್ದು ಸಿಕ್ಕಿತು. ಒಂದೊಂದೇ ಹಾಳೆ ಮಗುಚಿದೆ. ೮-೪-೧೯೫೦. ಲಕ್ಷ್ಮೀಮತಿ, ಜೈನ, ಹೆಂಗಸು, ವಯಸ್ಸು ೨೫. ಕಾರಣ: ಸನ್ನಿಪಾತ ಜ್ವರ, ಇಪ್ಪತ್ತು ದಿನ.

ಹೆರಿಗೆ ಅಲ್ಲ. ಇಪ್ಪತ್ತು ದಿನದ ಜ್ವರ.

"ಅಳ್ತಿದ್ದೀರಾ ಮೇಡಂ?" ಎಂದಳು ಶಹನಾಝ್. ಧೂಳು ಎಂದೆ. ಅವಳು ನಂಬಲಿಲ್ಲ. ಬಾಗಿಲು ಹಾಕಿಕೊಂಡು ಹೊರಗೆ ಹೋಗಿ ನನಗೆ ಚಹಾ ತಂದಳು.

೧೩ ಮಾರ್ಚ್, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ಜಗಲಿಯಲ್ಲಿ ಬಸಳೆ ಬಿಡಿಸುತ್ತ ಕುಳಿತಿದ್ದರು. ನಾನು ಎದುರು ಕುಳಿತು ಪುಸ್ತಕ, ಫೋನಿನಲ್ಲಿದ್ದ ಜಾತಕ, ರಿಜಿಸ್ಟರಿನ ನಕಲು ಮೂರನ್ನೂ ನೆಲದ ಮೇಲೆ ಹರಡಿ, ಮೊದಲಿನಿಂದ ಹೇಳಿದೆ. ಶನಿವಾರ, ಕರು, ಮಕ್ಕಳಿಬ್ಬರು, ಎರಡು ಯುಗಾದಿ, ರಿಜಿಸ್ಟರು. ಕೇಳುತ್ತ ಕೇಳುತ್ತ ಅವರ ಕೈ ಬಸಳೆಯ ಮೇಲೆ ನಿಂತಿತ್ತು.

"ಗಟ್ಟಿಯಾ?" ಎಂದರು ಕೊನೆಗೆ.

"ಗಟ್ಟಿ. ಮೂರು ದಾಖಲೆ ಉಂಟು ಚಿಕ್ಕಮ್ಮ."

"ಮತ್ತೆ ಕಾಫಿ ಕುಡಿಯದೆ ಎದ್ದು ಹೋದರಲ್ಲ ಅವರು?" ಎಂದು ಕೇಳಿದರು. ಯಾರನ್ನು ಕೇಳಿದರೋ ಗೊತ್ತಿಲ್ಲ. ಆಮೇಲೆ ಸಿಟ್ಟು ಬಂತು. ಇಷ್ಟು ಸಿಟ್ಟನ್ನು ನಾನು ಅವರಲ್ಲಿ ಕಂಡಿರಲಿಲ್ಲ. "ಓದಲಿಕ್ಕೆ ಬರುವವರು ಸರಿಯಾಗಿ ಓದಬೇಕಿತ್ತಲ್ವಾ? ವಾರ ಎಣಿಸಲಿಕ್ಕೆ ಬೆರಳಿರ್ಲಿಲ್ವಾ ಅವರಿಗೆ? ನನ್ನ ಅಕ್ಕ ಬಾಣಂತಿ, ನಾನು ಒಂದು ದಿನ ಬಂದು ನೋಡ್ಲಿಲ್ಲ. ನಿನ್ನನ್ನು ಎತ್ತಿಕೊಳ್ಳಲಿಲ್ಲ ನಾನು. ಬೈಯುವ ಅಂದ್ರೆ ಒಬ್ಬರಾದ್ರೂ ಉಳಿದಿದ್ದಾರಾ?" ಎಂದು ಬಸಳೆಯ ದಂಟನ್ನೆಲ್ಲ ಅಂಗಳಕ್ಕೆ ಎಸೆದರು.

ಕಣ್ಣಿಗೆ ನೀರು ತಾಗಿಸಬಾರದೆಂದು ಡಾಕ್ಟರು ಹೇಳಿದ್ದು ನೆನಪಾಯಿತು. ಅವರ ಕೆನ್ನೆಯನ್ನಷ್ಟೇ ಸೆರಗಿನಿಂದ ಒರೆಸಿದೆ.

ಅವರಿಗೆ ಸ್ವಲ್ಪ ಸಮಾಧಾನವಾದ ಮೇಲೆ ಒಂದು ಪುಟ ಓದಿ ಹೇಳಿದೆ. ಬೆಳ್ತಂಗಡಿಯಿಂದ ಬರುವಾಗ ಬಸ್ಸಿನಲ್ಲಿ ಕಣ್ಣಿಗೆ ಬಿದ್ದದ್ದು. ಮಾಯಿ ತಿಂಗಳು ಒಂಬತ್ತು, ಅಂದರೆ ಫೆಬ್ರವರಿ ಇಪ್ಪತ್ತರ ಸುಮಾರು. ಅಜ್ಜಿಗೆ ಜ್ವರ ಬರುವ ಒಂದು ತಿಂಗಳು ಮೊದಲು.

"ಚಿಕ್ಕದು ತಾಯಿಯನ್ನು ಬಿಟ್ಟು ಯಾರ ಕೈಗೂ ಹೋಗುವುದಿಲ್ಲ. ನನ್ನ ಕೈಗೆ ಬಂದರೆ ಊರು ಕೇಳುವಂತೆ ಕೂಗುತ್ತದೆ. ಲಕ್ಷ್ಮೀಮತಿಗೆ ಒಂದು ಕೆಲಸವೂ ಆಗುವುದಿಲ್ಲ. ರಗಳೆ."

"ಇನ್ನೊಮ್ಮೆ ಓದು" ಎಂದರು. ಓದಿದೆ. ಮತ್ತೂ ಒಮ್ಮೆ. ನಾಲ್ಕನೇ ಸಲ ಪುಸ್ತಕವನ್ನೇ ಕೊಟ್ಟೆ. ಆ ಕಣ್ಣಿಗೆ ಓದಲು ಬರುವುದಿಲ್ಲ. ಯಾವ ಸಾಲು ಎಂದು ನನ್ನಿಂದ ತೋರಿಸಿಕೊಂಡು ಅದರ ಮೇಲೆ ಬೆರಳಿಟ್ಟುಕೊಂಡು ಕುಳಿತರು. ನಾನು ಅಂಗಳಕ್ಕಿಳಿದು ಬಸಳೆ ಹೆಕ್ಕಿದೆ.

೧೪ ಮಾರ್ಚ್, ಶನಿವಾರ

ಆದೀಶ್ ಫೋನ್ ಮಾಡಿದ್ದ, ನಾಳೆ ಬಂದು ಕರೆದುಕೊಂಡು ಹೋಗುತ್ತಾನಂತೆ. ಚಾರ್ಮಾಡಿಯ ರಸ್ತೆ ಅಗೆದಿದ್ದಾರೆ, ಹೊಸ ಕಣ್ಣಿಗೆ ಆ ಧೂಳು ಒಳ್ಳೆಯದಲ್ಲ, ಯುಗಾದಿ ಕಳೆದು ಬಾ ಎಂದೆ. ಯುಗಾದಿಯ ಐದನೇ ದಿನಕ್ಕೆ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬಾ, ಆ ದಿನ ಪಾಯಸ ಮಾಡಲಿಕ್ಕುಂಟು ಎಂದೆ. ಯಾಕೆಂದು ಕೇಳಿದ. ನಿನ್ನ ಅಮ್ಮನೇ ಹೇಳುತ್ತಾರೆ ಎಂದು ಫೋನ್ ಅವರ ಕೈಗೆ ಕೊಟ್ಟು ಒಳಗೆ ಹೋದೆ. ಅವರು ಮಾತಾಡಿ ಮುಗಿಸುವಾಗ ಕುಕ್ಕರಿನ ಗಂಜಿ ಆರಿಹೋಗಿತ್ತು.

ಸಮ್ಮೇದ್‌ಗೂ ಫೋನ್ ಮಾಡಿದೆ. ಚಿಕ್ಕಮ್ಮ ಪಕ್ಕದಲ್ಲೇ ಕುಳಿತು ಹೇಳಿಸಿದರು. ತಾಯಿ ತೀರಿಕೊಂಡದ್ದು, ಮಗಳು ಹುಟ್ಟಿದ್ದು, ಎರಡೂ ತಾರೀಕು ಅಕ್ಕಪಕ್ಕವೇ ಹಾಕಬೇಕು. ಅದರ ಕೆಳಗೆ ಇನ್ನೊಂದು ಸಾಲು: ತಾಯಿಯ ಜೊತೆ ಇದ್ದದ್ದು ಒಂದು ವರ್ಷ ಐದು ದಿನ.

"ಸಾಧನಕ್ಕ, ಬೇರೆ ಯಾರಿಗೂ ಹಾಗೆ ಹಾಕಿಲ್ಲ. ಅಂಥ ಕಾಲಂ ಇಲ್ಲ ಪುಸ್ತಕದಲ್ಲಿ" ಎಂದ.

"ಇಲ್ಲದಿದ್ರೆ ಒಂದು ಮಾಡು" ಎಂದೆ.

ಮಧ್ಯಾಹ್ನ ಹನಿ ಹಾಕಿದೆ. ಕಣ್ಣು ಮುಚ್ಚಿ ಮಲಗಿದ್ದವರು, "ಒಂದು ವರ್ಷದ ಮಗು ಎಂತೆಲ್ಲ ಮಾಡ್ತದೆ ಸಾಧನಾ?" ಎಂದು ಕೇಳಿದರು.

ಮೂರು ಮಕ್ಕಳನ್ನು ಹೆತ್ತವರು ಮಕ್ಕಳೇ ಇಲ್ಲದವಳನ್ನು ಕೇಳುತ್ತಾರೆ. ಆದರೂ ಹೇಳಿದೆ. ಮಗುಚಿಕೊಳ್ಳುತ್ತದೆ, ಕೂರುತ್ತದೆ, ಅಂಬೆಗಾಲಿಡುತ್ತದೆ. ಹಿಡಿದುಕೊಂಡು ನಿಲ್ಲುತ್ತದೆ. ಹಾಲು ಕುಡಿಯುತ್ತದೆ. ಅನ್ನ ಕಲಸಿ ಕೊಟ್ಟರೆ ಉಗುಳುತ್ತದೆ. ಒಂದೊಂದಕ್ಕೂ ಹೂಂಗುಟ್ಟಿದರು.

"ಮಾತು?"

"ಒಂದೆರಡು ಬರ್ತದೆ."

ಹನಿಯ ಬಾಟಲಿಗೆ ಮುಚ್ಚಳ ಹಾಕಿದೆ. ನಿದ್ದೆ ಹೋದರೆಂದು ಎಣಿಸಿ ಎದ್ದೆ. ನನ್ನ ಸೆರಗು ಹಿಡಿದುಕೊಂಡರು.

"ಅಮ್ಮ ಅಂತ ಕರೆದಿರಬಹುದಾ ನಾನು? ಅವಳು ಕೇಳಿರಬಹುದಾ?"

ಇದಕ್ಕೆ ಪುಸ್ತಕದಲ್ಲಿ ಸಾಲಿಲ್ಲ, ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ನೋಡದ್ದನ್ನು ನೋಡಿದೆನೆಂದು ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಸಹಿ ಹಾಕಿದವಳಲ್ಲ ನಾನು.

"ಕರೆದಿದ್ದೀರಿ ಚಿಕ್ಕಮ್ಮ" ಎಂದೆ. "ಕೇಳಿದ್ದಾರೆ."

ಸೆರಗು ಬಿಡದೆ, ಅದನ್ನು ಇನ್ನೊಮ್ಮೆ ಹೇಳು ಎಂದರು.